ಅಕ್ಷರ ನೋಡಲು ಹೋದವರು

ಅಕ್ಷರಗಳಿಗೆಂದೇ ಕಟ್ಟಿದ ವಸ್ತುಸಂಗ್ರಹಾಲಯವೊಂದು ದಕ್ಷಿಣ ಕೊರಿಯದ ರಾಜಧಾನಿ ಸೋಲ್ ನಗರದಲ್ಲಿದೆ. 2014ರ ಅಕ್ಟೋಬರ್ 9ರಂದು ಅದು ಬಾಗಿಲು ತೆರೆಯಿತು. ಹೆಸರು ರಾಷ್ಟ್ರೀಯ ಹಂಗುಲ್ ವಸ್ತುಸಂಗ್ರಹಾಲಯ. ಹಂಗುಲ್ ಎಂದರೆ ಕೊರಿಯನ್ನರ ಲಿಪಿ. ಅಕ್ಟೋಬರ್ 9 ಆ ನಾಡಿನಲ್ಲಿ ಲಿಪಿಯ ಹಬ್ಬ. ಸರಕಾರಿ ರಜೆಯ ದಿನ. ಹಳೆಯ ಪುಸ್ತಕ, ಪತ್ರ, ಅಚ್ಚಿನ ಸಾಮಗ್ರಿಗಳನ್ನು ಅಲ್ಲಿ ಸಂಗ್ರಹಿಸಿದ್ದಾರೆ. ಹಳೆಯ ಅಕ್ಷರರೂಪಗಳನ್ನು ಮುಂದಿಟ್ಟುಕೊಂಡು ಇಂದಿನ ವಿನ್ಯಾಸಕಾರರು ಏನೇನು ಹೊಸದು ಮಾಡಬಲ್ಲರೆಂದು ತೋರಿಸುವ ಪ್ರದರ್ಶನಗಳನ್ನೂ ಏರ್ಪಡಿಸಿದ್ದಾರೆ. ಅವುಗಳಲ್ಲಿ ಕೆಲವು ಪರದೇಶಗಳಿಗೂ ಹೋಗಿ ಬಂದಿವೆ. 2025ರ ಫೆಬ್ರವರಿಯಲ್ಲಿ, ಕಟ್ಟಡದ ಕಾಮಗಾರಿ ನಡೆದಿದ್ದಾಗ, ಅಲ್ಲಿ ಬೆಂಕಿ ಬಿತ್ತು. ಆಗ ಆ ಜನ ಮೊದಲು ಕೇಳಿದ್ದು ಕಟ್ಟಡದ ಸುದ್ದಿಯನ್ನಲ್ಲ, ಹಳೆಯ ಪುಸ್ತಕಗಳು ಸುರಕ್ಷಿತವಾಗಿವೆಯೇ ಎಂಬುದನ್ನು.

ಈ ಸಂಗತಿಯನ್ನೆಲ್ಲ ಅರಕೇರಿಯ ಹುಡುಗಿಯೊಬ್ಬಳು ಮನೆಯಲ್ಲಿ ಹೇಳಿದಾಗ ಅವಳ ತಂದೆ ನಕ್ಕುಬಿಟ್ಟರು.

‘ಅಕ್ಷರಾ ಏನ ನೋಡೂದವ್ವಾ? ಓದೂದು.’

ಅರಕೇರಿ ಎಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಅಮೋಘಸಿದ್ಧ, ಅವನ ಜಾತ್ರೆ, ಡೊಳ್ಳು. ಆಮೇಲೆ ದ್ರಾಕ್ಷಿ. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ರಸ್ತೆಯ ಎರಡೂ ಮಗ್ಗುಲಿಗೆ ಬಳ್ಳಿಯ ಚಪ್ಪರಗಳು, ಮನೂಕ ಒಣಗಿಸುವ ಶೆಡ್ಡುಗಳು ಕಾಣುತ್ತವೆ. ಹುಡುಗಿಯ ತಂದೆಯದೂ ಎರಡು ಎಕರೆ ದ್ರಾಕ್ಷಿ. ಮಗಳು ಹತ್ತನೆಯ ಇಯತ್ತೆ ಮುಗಿಸಿದ್ದಳು. ಗುಣಗಳು ಚೆನ್ನಾಗಿಯೇ ಬಂದಿದ್ದವು. ವಿಜಯಪುರದ ಕಾಲೇಜೊಂದರಲ್ಲಿ ಸೈನ್ಸಿಗೆ ಹಚ್ಚಬೇಕೆಂದು ಮನೆಯವರೆಲ್ಲ ಗಟ್ಟಿ ಮಾಡಿಕೊಂಡಿದ್ದರು. ಗಟ್ಟಿ ಮಾಡಿಕೊಳ್ಳದೆ ಇದ್ದವಳು ಅವಳೊಬ್ಬಳೇ.

ಅವಳಿಗೆ ಕೊರಿಯದ ಹುಚ್ಚು ಹತ್ತಿದ್ದು ಫೋನಿನಿಂದ. ಮೊದಲು ಹಾಡು, ಆಮೇಲೆ ಧಾರಾವಾಹಿ. ಇಷ್ಟಕ್ಕೇ ನಿಂತಿದ್ದರೆ ಅದು ಊರ ಮನೆಮನೆಯ ಕಥೆಯಾಗುತ್ತಿತ್ತು. ಆದರೆ ಅವಳು ಪರದೆಯ ಮೇಲೆ ಬರುವ ಅಕ್ಷರಗಳನ್ನು ನೋಡತೊಡಗಿದಳು. ರಜೆಯಲ್ಲಿ ಎಂಟು ದಿನ ಕುಳಿತು ಅವನ್ನು ಕಲಿತೇಬಿಟ್ಟಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಪ್ಪ, ಅವ್ವ, ಅಜ್ಜಿ, ಮನೆಯ ಎಮ್ಮೆ ಎಲ್ಲರ ಹೆಸರನ್ನೂ ಹಂಗುಲ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದಳು.

ಎಂಟು ದಿನದಲ್ಲಿ ಒಂದು ಲಿಪಿ ಕಲಿಯುವುದು ಅಸಾಧ್ಯವೇನಲ್ಲ. ಹತ್ತು ದಿನದೊಳಗೆ ಯಾರು ಬೇಕಾದರೂ ಕಲಿತಾರು ಎಂಬ ಭರವಸೆ ಆ ಲಿಪಿಯನ್ನು ವಿವರಿಸುವ ಮೊದಲ ಪುಸ್ತಕದಲ್ಲೇ ಇದೆ. ಲಿಪಿಯನ್ನು ರೂಪಿಸಿದವನು ಸೆಜೊಂಗ್ ಎಂಬ ಅರಸು, 1443ರಲ್ಲಿ. ನಾಡಿಗೆ ಸಾರಿದ್ದು 1446ರಲ್ಲಿ. ಅಲ್ಲಿಯವರೆಗೆ ಕೊರಿಯದ ಪಂಡಿತರು ಬರೆಯುತ್ತಿದ್ದುದು ಚೀನೀ ಅಕ್ಷರಗಳಲ್ಲಿ. ಅವು ಸಾವಿರಾರು; ಹೊಲ ಉಳುವವನಿಗೆ ಎಟುಕುವಂಥವಲ್ಲ. ಸಾಮಾನ್ಯ ಜನ ತಮ್ಮ ಮಾತನ್ನು ಬರೆದು ತಿಳಿಸಲಾರದೆ ತೊಳಲುವುದನ್ನು ಕಂಡು ಈ ಕೆಲಸಕ್ಕೆ ಕೈ ಹಾಕಿದೆನೆಂದು ಅರಸನೇ ಕಾರಣ ಕೊಟ್ಟಿದ್ದಾನೆ.

ಆ ಲಿಪಿಯ ಸೊಗಸು ಇರುವುದು ಅದರ ಕಟ್ಟಡದಲ್ಲಿ. ಮಕಾರದ ಆಕೃತಿ ಬಾಯಿಯ ಆಕಾರದಿಂದ ಬಂದದ್ದು. ನಕಾರ ಹೇಳುವಾಗ ನಾಲಿಗೆಯ ತುದಿ ಮೇಲೆ ಹೋಗಿ ತಾಗುತ್ತದಷ್ಟೆ. ನಕಾರದ ಗೆರೆ ಹಾಗೆಯೇ ಬಾಗಿದೆ. ಗಕಾರಕ್ಕೆ ನಾಲಿಗೆಯ ಬುಡ ಗಂಟಲನ್ನು ಮುಚ್ಚುವ ರೀತಿ. ಸಕಾರಕ್ಕೆ ಹಲ್ಲು. ಉಸಿರು ಒತ್ತಿ ಹೇಳುವ ಅಕ್ಷರ ಬೇಕಾದರೆ ಅದೇ ಆಕೃತಿಗೆ ಇನ್ನೊಂದು ಗೆರೆ ಕೂಡಿಸಿದರೆ ಮುಗಿಯಿತು. ಸ್ವರಗಳಿಗೆ ಮೂರೇ ಮೂಲ: ಒಂದು ಚುಕ್ಕೆ, ಒಂದು ಅಡ್ಡಗೆರೆ, ಒಂದು ನಿಲುವುಗೆರೆ. ಆಕಾಶ, ಭೂಮಿ, ಮನುಷ್ಯ ಎಂದು ಅವರು ಅದಕ್ಕೆ ಅರ್ಥ ಹೇಳುತ್ತಾರೆ.

ಹುಡುಗಿ ಇದನ್ನು ತನ್ನ ಕನ್ನಡ ಮಾಸ್ತರರಿಗೆ ತೋರಿಸಿದಳು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮಾಸ್ತರರು ಕನ್ನಡಕ ಏರಿಸಿ ನೋಡಿ, ಅವಳಿಂದ ‘ಕ, ಚ, ಟ, ತ, ಪ’ ಎಂದು ಹೇಳಿಸಿದರು. ‘ಈಗ ಹೇಳುವಾಗ ನಾಲಿಗಿ ಎಲ್ಲೆಲ್ಲಿ ಹೋತು ನೋಡು’ ಎಂದರು. ಗಂಟಲಿನಿಂದ ಹೊರಟ ಧ್ವನಿ ಅಂಗುಳ, ಹಲ್ಲು ದಾಟಿ ತುಟಿಗೆ ಬಂದು ನಿಂತಿತ್ತು. ಒಂದನೆಯ ಇಯತ್ತೆಯಲ್ಲಿ ರಾಗ ಹಾಕಿ ಒದರಿದ ವರ್ಣಮಾಲೆಯಲ್ಲಿ ಇಂಥ ಲೆಕ್ಕವಿದೆ ಎಂದು ಅವಳಿಗೆ ಆ ದಿನದವರೆಗೆ ಯಾರೂ ಹೇಳಿರಲಿಲ್ಲ. ಇದು ಬಹಳ ಮಕ್ಕಳ ಪಾಡು. ಭಾರತದ ವೈಯಾಕರಣರು ಉಚ್ಚಾರದ ಸ್ಥಾನವನ್ನು ಅಕ್ಷರಗಳ ಸಾಲಿನಲ್ಲಿ ಅಳವಡಿಸಿದರು. ಸೆಜೊಂಗ್ ಅದನ್ನು ಅಕ್ಷರದ ರೂಪದಲ್ಲೇ ಅಳವಡಿಸಿದ. ಈ ಎರಡಕ್ಕೂ ದೂರದ ನಂಟೂ ಇದೆ: ಬೌದ್ಧ ಗ್ರಂಥಗಳ ಜೊತೆ ಭಾರತದ ಧ್ವನಿಶಾಸ್ತ್ರ ಚೀನಾಕ್ಕೆ ಹೋಯಿತು, ಚೀನಾದ ಧ್ವನಿಶಾಸ್ತ್ರವನ್ನು ಸೆಜೊಂಗ್ ಚೆನ್ನಾಗಿ ಓದಿದ್ದ.

ಇಷ್ಟಾದ ಮೇಲೆ ಹುಡುಗಿ ಮನೆಯಲ್ಲಿ ತನ್ನ ಮನಸ್ಸು ಹೇಳಿದಳು. ಸೈನ್ಸ್ ಬೇಡ. ಅಕ್ಷರ ಬರೆಯುವುದನ್ನು, ಅಕ್ಷರದ ರೂಪ ಮಾಡುವುದನ್ನು ಕಲಿಯಬೇಕು.

ತಂದೆಯ ನಗೆ ಆಗ ನಿಂತಿತು. ಅದಕ್ಕೆ ಕಾರಣ ಮನೆಯಲ್ಲೇ ಇತ್ತು. ಹುಡುಗಿಯ ಸೋದರಮಾವ ಬೋರ್ಡ್ ಬರೆಯುವ ಪೇಂಟರ್. ಒಂದು ಕಾಲಕ್ಕೆ ಆ ಭಾಗದ ಕಿರಾಣಿ ಅಂಗಡಿ, ಹಾಲಿನ ಡೇರಿ, ಸಹಕಾರಿ ಸಂಘ, ಟ್ರಾಕ್ಟರಿನ ಟ್ರೇಲರು, ಜಾತ್ರೆಯ ಕಮಾನು ಎಲ್ಲದರ ಮೇಲೂ ಅವನ ಅಕ್ಷರವೇ. ಫ್ಲೆಕ್ಸ್ ಬಂತು. ಮೂರು ದಿನದ ಬೋರ್ಡು ಮೂರು ತಾಸಿಗೆ ಸಿಗತೊಡಗಿತು. ಈಗ ಮಾವ ಹಂಗಾಮಿನಲ್ಲಿ ಮನೂಕದ ಶೆಡ್ಡಿಗೆ ಕೂಲಿ ಹೋಗುತ್ತಾನೆ. ‘ಅಕ್ಷರಾ ಬರದು ಹೊಟ್ಟಿ ತುಂಬಿದ್ದರ ನಿಮ್ಮ ಮಾವ ನನ್ನ ಕಡೆ ಕೈಗಡಾ ಕೇಳತಿದ್ದಿಲ್ಲ’ ಎಂದು ತಂದೆ ಹೇಳಿದ ಮಾತು ಒರಟಾಗಿರಬಹುದು, ಸುಳ್ಳಾಗಿರಲಿಲ್ಲ. ಮಕ್ಕಳ ಒಲವನ್ನು ತಡೆಯುವ ತಂದೆತಾಯಿಗಳನ್ನು ಬೈಯುವುದು ಸುಲಭ. ಅವರ ಕಣ್ಣ ಮುಂದಿರುವ ಉದಾಹರಣೆ ಯಾವುದು ಎಂದು ಕೇಳುವವರು ಕಡಿಮೆ.

ಮಾಸ್ತರರು ವಾದ ಮಾಡಲಿಲ್ಲ. ಏಪ್ರಿಲ್ ಚಾಟ್ನಿ ಮುಗಿದು ತೋಟದಲ್ಲಿ ಸ್ವಲ್ಪ ಬಿಡುವಿತ್ತು. ‘ಸೋಲ್‌ಗೆ ಹೋಗಾಕ ಆಗೂದಿಲ್ಲ. ರವಿವಾರ ಬಿಜಾಪುರಕ್ಕ ಹೋಗೂಣು. ಅಲ್ಲೂ ಅಕ್ಷರದ ಪ್ರದರ್ಶನ ಐತಿ’ ಎಂದರು. ಊರಿನ ಹೆಸರು 2014ರಲ್ಲಿ ವಿಜಯಪುರವಾದರೂ ಮಾತಿನಲ್ಲಿ ಬಿಜಾಪುರ ಇನ್ನೂ ಹೋಗಿಲ್ಲ. ತಂದೆಗೆ ಪಂಪಿನ ಬಿಡಿಭಾಗ ಕೊಳ್ಳುವುದಿತ್ತು. ಮೂವರೂ ಬಸ್ಸು ಹತ್ತಿದರು.

ಗೋಳಗುಮ್ಮಟದ ಎದುರಿಗೆ ಹಳೆಯ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. 1892ರಷ್ಟು ಹಿಂದೆ ಆರಂಭವಾದದ್ದು. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಓಡುವ ಶಾಲಾ ಪ್ರವಾಸಗಳು ಸಾಮಾನ್ಯವಾಗಿ ಇದರ ಮುಂದೆ ಹಾದುಹೋಗುತ್ತವೆ. ಒಳಗೆ ಹೋದರೂ ಕತ್ತಿ ಬಂದೂಕುಗಳ ಮುಂದೆ ನಿಲ್ಲುತ್ತವೆ. (ಹೋಗುವವರು ಶುಕ್ರವಾರ ಹೋಗಬಾರದು; ಆ ದಿನ ರಜೆ.) ಆದರೆ ಅಲ್ಲಿ ಒಂದೇ ಸೂರಿನಡಿ ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಭಾಷೆಗಳ ಬರಹದ ಕಲ್ಲುಗಳಿವೆ, ಕೈಬರಹದ ಪುಸ್ತಕಗಳಿವೆ. ಅರ್ಥ ಆಗದಿದ್ದರೂ ನೋಡುವುದಕ್ಕೆ ಅಡ್ಡಿಯಿಲ್ಲ. ಅರ್ಥ ಆಗದಿದ್ದಾಗ ರೂಪ ಹೆಚ್ಚು ಕಾಣುತ್ತದೆ ಎಂದರೂ ನಡೆದೀತು.

ಹುಡುಗಿ ಒಂದು ಕನ್ನಡ ಶಾಸನದ ಮುಂದೆ ಬಹಳ ಹೊತ್ತು ನಿಂತಳು. ಮೊದಲಿಗೆ ಎಲ್ಲವೂ ಒಂದೇ ತೆರನ ಗುಂಡು ಗೀರುಗಳು. ಪದಗಳ ನಡುವೆ ಬಿಡುವಿಲ್ಲದೆ ಒಂದೇ ಸಮನೆ ಕೊರೆದುಕೊಂಡು ಹೋಗುವುದು ಶಾಸನಗಳ ಪದ್ಧತಿ. ಆದರೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಎಂದರೆ ಹನ್ನೊಂದು ಹನ್ನೆರಡನೆಯ ಶತಮಾನಕ್ಕೆ, ಕನ್ನಡ ಅಕ್ಷರ ಇಂದಿನ ರೂಪಕ್ಕೆ ತಕ್ಕಮಟ್ಟಿಗೆ ಸಮೀಪ ಬಂದಿರುತ್ತದೆ. ತಾಳ್ಮೆಯಿಂದ ಕಣ್ಣಿಟ್ಟರೆ ಒಂದು ‘ಗ’, ಒಂದು ‘ರ’, ಒಂದು ‘ಲ’ ಮೆಲ್ಲಗೆ ಗುಂಪಿನಿಂದ ಈಚೆ ಬರುತ್ತವೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಗುರುತಿನವರು ಸಿಕ್ಕಂತೆ. ‘ಅಪ್ಪಾ, ಇಲ್ಲಿ ನೋಡು, ಗ!’ ಎಂದು ಅವಳು ಕೂಗಿದ್ದಕ್ಕೆ ಕಾವಲುಗಾರ ತಿರುಗಿ ನೋಡಿದ.

ಮಾಸ್ತರರು ಬೇರೆ ಬೇರೆ ಕಡೆಯ ಕಲ್ಲುಗಳ ಮಾತು ತೆಗೆದರು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಅದರಲ್ಲಿ ಅಕ್ಷರ ಇನ್ನೂ ಬ್ರಾಹ್ಮಿಯ ಮಗು, ಮೂಲೆ ಮೂಲೆಯಾಗಿ ನಿಂತಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. ಇದೇ ಜಿಲ್ಲೆಯ ಸಾಲೋಟಗಿಯಲ್ಲಿ 945ರ ಶಾಸನವೊಂದು ಸಿಕ್ಕಿದೆ. ದೂರದಿಂದ ಓದಲು ಬಂದ ವಿದ್ಯಾರ್ಥಿಗಳ ವಸತಿಗೆ, ಗುರುವಿನ ಜೀವನಕ್ಕೆ ಕೊಟ್ಟ ದತ್ತಿಗಳನ್ನು ಅದು ಹೇಳುತ್ತದೆ. ಸಾವಿರ ವರ್ಷದ ಹಿಂದೆ ಇಂಡಿಯ ಸೀಮೆಯಲ್ಲಿ ಹಾಸ್ಟೆಲ್! ಕಾಲ ಕಳೆದಂತೆ ಕನ್ನಡದ ಗೆರೆ ದುಂಡಗಾಯಿತು. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಉದ್ದಕ್ಕೆ ಗೀರಿದರೆ ಗರಿ ಸೀಳುತ್ತದೆ, ಅದಕ್ಕಾಗಿ ಕೈ ದುಂಡಗೆ ತಿರುಗಿತು ಎಂದು ವಿದ್ವಾಂಸರು ಹೇಳುವುದುಂಟು. ‘ಱ’, ‘ೞ’ ಎಂಬ ಎರಡು ಅಕ್ಷರಗಳು ಬಳಕೆ ತಪ್ಪಿ ದಾರಿಯಲ್ಲೇ ಉಳಿದವು. ಸೆಜೊಂಗನ 28 ಅಕ್ಷರಗಳಲ್ಲಿಯೂ ನಾಲ್ಕು ಹೀಗೆಯೇ ಬಿಟ್ಟುಹೋಗಿ ಈಗ 24 ಉಳಿದಿವೆ.

ತಂದೆಗೆ ಇದೆಲ್ಲ ಅಷ್ಟಾಗಿ ಹಿಡಿಸಲಿಲ್ಲ. ಅವರು ಕಲ್ಲಿನ ನುಣುಪನ್ನು, ಕೊರೆದ ಆಳವನ್ನು ಬೆರಳಿನ ಅಂದಾಜಿನಲ್ಲೇ ಅಳೆಯುತ್ತಿದ್ದರು. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರೂ ಕಂಡರಿಸಿದ ರೂವಾರಿಯ ಹೆಸರೂ ಇರುತ್ತದೆ ಎಂದು ಮಾಸ್ತರರು ಹೇಳಿದಾಗ ಮಾತ್ರ ಅವರು ತಿರುಗಿದರು.

‘ಕಡದವನ ಹೆಸರ ಸೈತ?’

‘ಹೌದ್ರಿ. ರಾಜನ ಹೆಸರ ಇದ್ದ ಕಲ್ಲಿನಾಗ ಅಂವಂದೂ ಇರತೈತಿ.’

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗಿಯ ಮಾವನೂ ಬೋರ್ಡಿನ ಬಲಗಡೆಯ ಮೂಲೆಯಲ್ಲಿ ಸಣ್ಣಗೆ ತನ್ನ ಹೆಸರು ಬರೆಯುತ್ತಿದ್ದನೆಂದು ನೆನಪು ಮಾಡಿದರು. ಡೇರಿಯ ಬೋರ್ಡಿನ ಮೇಲೆ ಆ ಹೆಸರು ಇನ್ನೂ ಇದೆಯಂತೆ, ಬೋರ್ಡಿನ ಬಣ್ಣವೇ ಹೋಗಿದ್ದರೂ.

ಅಲ್ಲಿಂದ ಗುಮ್ಮಟಕ್ಕೆ. ಎಲ್ಲರೂ ಮೇಲಿನ ಪ್ರತಿಧ್ವನಿಯ ಕಡೆಗೆ ಮೆಟ್ಟಿಲು ಹತ್ತುತ್ತಿದ್ದರೆ ಈ ಮೂವರು ದಕ್ಷಿಣದ ಬಾಗಿಲ ಬಳಿ ನಿಂತರು. ಆ ಬಾಗಿಲ ಮೇಲೆ ಪಾರಸಿಯಲ್ಲಿ ಮೂರು ವಾಕ್ಯಗಳಿವೆ. ಅರಬ್ಬಿ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಬೆಲೆ ಇದೆ: ಒಂದರಿಂದ ಹತ್ತು, ಇಪ್ಪತ್ತು, ನೂರು ಎಂದು ಸಾವಿರದವರೆಗೆ. ಮೂರರಲ್ಲಿ ಯಾವ ವಾಕ್ಯದ ಅಕ್ಷರಗಳನ್ನು ಕೂಡಿಸಿದರೂ ಬರುವ ಮೊತ್ತ 1067. ಅದು ಹಿಜರಿ ಶಕದ ವರ್ಷ, ಕ್ರಿಸ್ತಶಕದ 1656. ಮಹಮ್ಮದ್ ಆದಿಲಶಾಹ ತೀರಿಕೊಂಡ ವರ್ಷ. ಇದು ತಂದೆಗೆ ನಿಜವಾಗಿಯೂ ಹಿಡಿಸಿತು. ಮೂರು ಬೇರೆ ಮಾತು, ಮೊತ್ತ ಒಂದೇ. ವ್ಯಾಪಾರಿಯ ಲೆಕ್ಕ ಹೀಗೆ ಕೂಡಿ ಬಂದರೆ ಎಷ್ಟು ಚೆಂದ ಎಂದರು.

ಊಟಕ್ಕೆ ಇಬ್ರಾಹಿಂ ರೋಜಾದ ತೋಟಕ್ಕೆ ಹೋದರು. ಊರಿನ ಇನ್ನೊಂದು ತುದಿ, ಆಟೋ ಹಿಡಿಯಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಿಚ್ಚಿದ ಹೊತ್ತಿಗೆ ಹುಡುಗಿ ತಾನು ಓದಿದ ಕಥೆಯೊಂದನ್ನು ಹೇಳಿದಳು.

ಸೆಜೊಂಗನ ಲಿಪಿಯನ್ನು ವಿವರಿಸುವ 1446ರ ಮೂಲ ಪುಸ್ತಕ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಅಕ್ಷರಗಳ ಆಕೃತಿ ಎಲ್ಲಿಂದ ಬಂತೆಂದು ಯಾರಿಗೂ ಖಚಿತವಿರಲಿಲ್ಲ; ಕಿಟಕಿಯ ಸರಳುಗಳನ್ನು ನೋಡಿ ಮಾಡಿದ್ದೆಂದು ಹೇಳುವವರೂ ಇದ್ದರು. ಕೊರಿಯ ಆಗ ಜಪಾನಿನ ಕೈಯಲ್ಲಿತ್ತು. ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರಗೆ ಹಾಕಿದ್ದರು. 1942ರಲ್ಲಿ ನಿಘಂಟು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು ಸೆರೆಗೆ ನೂಕಿದರು. ಅಂಥ ಹೊತ್ತಿನಲ್ಲಿ, 1940ರಲ್ಲಿ, ಆ ಪುಸ್ತಕ ಸಿಕ್ಕಿತು. ಜೊನ್ ಹ್ಯೊಂಗ್‌ಪಿಲ್ ಎಂಬ ಸಂಗ್ರಾಹಕ ಮಾರುವವನು ಕೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಕೊಟ್ಟು ಅದನ್ನು ಕೊಂಡ, ಯಾರಿಗೂ ಹೇಳದೆ ಮುಚ್ಚಿಟ್ಟ. 1945ರಲ್ಲಿ ಜಪಾನ್ ಸೋತ ಮೇಲೆಯೇ ಅದನ್ನು ಹೊರಗೆ ತೆಗೆದದ್ದು. ಕೊರಿಯ ಯುದ್ಧದ ದಿನಗಳಲ್ಲಿ ರಾತ್ರಿ ಅದನ್ನು ತಲೆದಿಂಬಿನ ಅಡಿ ಇಟ್ಟುಕೊಂಡು ಮಲಗುತ್ತಿದ್ದನೆಂದು ಹೇಳುತ್ತಾರೆ. 1997ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ಸ್ಮೃತಿಯ ಪಟ್ಟಿಗೆ ಸೇರಿಸಿತು.

ಮಾಸ್ತರರು ಕೈ ತೊಳೆದು ಬಂದು ಕುಳಿತರು. ‘ಅಂಥವರು ಈ ಊರಾಗೂ ಇದ್ದರು’ ಎಂದರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ವಕೀಲಿ ಮಾಡಲು ಬಿಜಾಪುರಕ್ಕೆ ಬಂದವರು. 1910ರಲ್ಲಿ ಇಲ್ಲಿನ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲು ಹಾಕಿದವರಲ್ಲಿ ಅವರು ಮುಖ್ಯರು. ಮನೆ ಮನೆ, ಮಠ ಮಠ ಅಲೆದು ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿದರು. ಜನ ಅವನ್ನು ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಬಸವಣ್ಣ, ಅಕ್ಕ, ಅಲ್ಲಮರ ವಚನಗಳನ್ನು ಇಂದು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡುವ ಹುಡುಗರು ಆ ಅಲೆದಾಟದ ಫಲ ಉಣ್ಣುತ್ತಿದ್ದಾರೆ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂತು. ಆದರೆ ಒಂದೊಂದು ಪುಸ್ತಕಕ್ಕೂ ಬೇರೆಯವರ ಅಚ್ಚುಕೂಟದ ಬಾಗಿಲು ಕಾಯುವುದು ಆಗದ ಕೆಲಸ. ಸ್ವಂತ ಮುದ್ರಣಾಲಯ ಬೇಕೆಂದು ಇದ್ದ ಮನೆಯನ್ನು ಮಾರಿದರು. 1925ರಲ್ಲಿ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಶುರುವಾಯಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’. 1964ರಲ್ಲಿ ಇದೇ ಊರಲ್ಲಿ ತೀರಿಕೊಂಡರು.

‘ಮನಿ ಮಾರಿ ಮೊಳಿ ತಂದರ?’ ತಂದೆ ಕೇಳಿದರು.

‘ಅಚ್ಚಿನ ಮೊಳಿ. ಸೀಸದ್ದು.’

‘ವಕೀಲರಿದ್ದರು ಅಂದ್ರಿ?’

‘ವಕೀಲರ ಇದ್ದರು.’

ಮೊಳೆಯ ಬಗ್ಗೆ ಇಂದಿನ ಮಕ್ಕಳಿಗೆ ಒಂದೆರಡು ಮಾತು ಹೇಳಬೇಕು. ಸೀಸದ ಮಿಶ್ರಲೋಹದ ಸಣ್ಣ ಕಂಬ, ಅದರ ತಲೆಯ ಮೇಲೆ ಉಬ್ಬಿ ನಿಂತ ತಿರುಗುಮುರುಗಾದ ಅಕ್ಷರ. ಇಂಗ್ಲಿಷಿಗೆ ಸಣ್ಣದು ದೊಡ್ಡದು ಸೇರಿ ಐವತ್ತೆರಡು ಅಕ್ಷರ, ಮೇಲೆ ಅಂಕಿ ಚಿಹ್ನೆಗಳಾದರೆ ಸಾಕು. ಕನ್ನಡಕ್ಕೆ ಹಾಗಲ್ಲ. ಕಾಗುಣಿತ ಬೇಕು, ಒತ್ತು ಬೇಕು. ‘ರಾಷ್ಟ್ರ’ ಎಂಬ ಎರಡಕ್ಷರದ ಪದದಲ್ಲಿ ಷಕಾರದ ಕೆಳಗೆ ಟಕಾರ, ಅದಕ್ಕೆ ರಕಾರ. ನೂರಾರು ಮನೆಗಳ ಮರದ ಪೆಟ್ಟಿಗೆಯ ಮುಂದೆ ನಿಂತು, ಕೈ ತಾನಾಗಿ ಆಯಾ ಮನೆಗೆ ಹೋಗುವಷ್ಟು ರೂಢಿಯಾಗಿ, ಕಂಪೋಜಿಟರು ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದ. ಹಂಗುಲ್‌ನ ಕಷ್ಟವೂ ಇದೇ ಬಗೆಯದು. ಅಲ್ಲಿ ಅಕ್ಷರಗಳು ಸಾಲಾಗಿ ನಿಲ್ಲದೆ ಎರಡು ಮೂರು ಕೂಡಿ ಒಂದು ಚೌಕದೊಳಗೆ ಕುಳಿತುಕೊಳ್ಳುತ್ತವೆ. ಇಂದಿನ 24 ಅಕ್ಷರಗಳಿಂದಾಗುವ ಚೌಕಗಳು ಒಟ್ಟು 11,172! 1985ರಲ್ಲಿ ಆನ್ ಸಾಂಗ್‌ಸೂ ಎಂಬ ವಿನ್ಯಾಸಕಾರ ಚೌಕವನ್ನೇ ಬಿಟ್ಟುಕೊಟ್ಟು, ಮೂಲದ ಬಿಡಿ ರೂಪಗಳು ಎಲ್ಲಿ ಕುಳಿತರೂ ಒಂದೇ ಗಾತ್ರದಲ್ಲಿ ಇರುವಂತೆ ಅಕ್ಷರ ಮಾಡಿದ. ನೋಡಿದವರು ಹುಬ್ಬೇರಿಸಿದರು. ಈಗ ಅದು ಅವರ ಪರಂಪರೆಯ ಭಾಗವಾಗಿಬಿಟ್ಟಿದೆ.

ಅಚ್ಚಿನ ವಿಷಯದಲ್ಲಿ ಕೊರಿಯನ್ನರು ನಿಜಕ್ಕೂ ಹಿರಿಯರು. ಲೋಹದ ಮೊಳೆಯಿಂದ ಅಚ್ಚಾಗಿ ಉಳಿದುಬಂದಿರುವ ಪುಸ್ತಕಗಳಲ್ಲಿ ಎಲ್ಲಕ್ಕೂ ಹಳೆಯದಾದ ‘ಜಿಕ್‌ಜಿ’ 1377ರದು, ಗುಟೆನ್‌ಬರ್ಗನ ಬೈಬಲಿಗಿಂತ ಎಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲಿನದು. ಅದು ಇರುವುದು ಮಾತ್ರ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ. ಕನ್ನಡಕ್ಕೆ ಮೊಳೆ ಬಂದದ್ದು ಬಹಳ ತಡವಾಗಿ, ಪರದೇಶದ ಪಾದ್ರಿಗಳ ಕೈಯಿಂದ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು, ಎಂದರೆ ಅಲ್ಲೂ ಮತ್ತೆ ಕಲ್ಲು. ಕಿಟ್ಟೆಲ್ಲರ ನಿಘಂಟು 1894ರದು. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ಎರಡೂ ಬೇರೆ ಬೇರೆಯಾಗಿ ಗಟ್ಟಿಗೊಂಡದ್ದರಲ್ಲಿ ಈ ಮೊಳೆಗಳ ಪಾತ್ರ ದೊಡ್ಡದು. ಮೊಳೆ ಎರಕ ಹೊಯ್ದವರು ಒಂದು ರೂಪ ಹಿಡಿದರು, ಉಳಿದ ರೂಪಗಳು ಮರೆತುಹೋದವು.

ಊಟವಾದ ಮೇಲೆ ರೋಜಾದ ಒಳಗೆ ಹೋದರು. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಾಹನ ಸಮಾಧಿ ಅದು. ಸಂಗೀತಕ್ಕೆ ಮನಸೋತು ಹಾಡು ಕಟ್ಟಿದ ಈ ಅರಸು ಅಕ್ಷರಕ್ಕೂ ಮನಸೋತವನು. ಖಲೀಲುಲ್ಲಾ ಎಂಬ ಲಿಪಿಕಾರನಿಗೆ ‘ಲೇಖನಿಯ ಬಾದಶಹ’ ಎಂಬ ಬಿರುದು ಕೊಟ್ಟಿದ್ದ. ಒಂದು ಬಾದಶಾಹಿಯೊಳಗೆ ಇನ್ನೊಬ್ಬ ಬಾದಶಹನನ್ನು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಸಮಾಧಿಯ ಗೋಡೆಗಳ ತುಂಬ ಬರಹವೇ ಬರಹ. ಆದರೆ ಹುಡುಗಿ ಬಾಯಿಬಿಟ್ಟು ನಿಂತದ್ದು ಕಿಟಕಿಗಳ ಮೇಲ್ಭಾಗದ ಕಮಾನುಗಳ ಮುಂದೆ.

ಅಲ್ಲಿ ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅವನ್ನು ಕೊರೆದಿಲ್ಲ, ಅಕ್ಷರ ಉಳಿಸಿ, ಅಕ್ಷರದ ನಡುವಿನ ಕಲ್ಲನ್ನಷ್ಟೇ ತೂತು ಮಾಡಿ ತೆಗೆದಿದ್ದಾರೆ. ಒಳಗೆ ಬರುವ ಬೆಳಕು ಅಕ್ಷರಗಳ ಸಂದಿಯಿಂದಲೇ ಬರಬೇಕು. ಒಂದು ಗೆರೆ ಜಾಸ್ತಿ ತೆಗೆದರೆ ಹಲಗೆ ಮುರಿದೀತು, ಕಡಿಮೆ ತೆಗೆದರೆ ಒಳಗೆ ಕತ್ತಲು. ನಾಲ್ಕು ನೂರು ವರ್ಷದಿಂದ ಅವು ನಿಂತಿವೆ. ಬೆಳಿಗ್ಗೆ ನೋಡಿದ ಶಾಸನದಲ್ಲಿ ಅಕ್ಷರ ತಗ್ಗು, ಕಲ್ಲು ಮೇಲೆ. ಇಲ್ಲಿ ಅಕ್ಷರವೇ ಕಲ್ಲು. ಹಳಕಟ್ಟಿಯವರ ಮೊಳೆಯೂ ಈ ಎರಡನೆಯ ಜಾತಿಯದು ಎಂದು ಮಾಸ್ತರರು ಹೇಳಬೇಕೆಂದಿದ್ದರು, ಅಷ್ಟರಲ್ಲಿ ಹುಡುಗಿಯೇ ಹೇಳಿದಳು. ತಂದೆ ಫೋನು ತೆಗೆದು ಕಿಟಕಿಯ ಫೋಟೋ ಹಿಡಿದರು. ಬೆಳಗಿನಿಂದ ಅವರು ತೆಗೆದ ಮೊದಲ ಫೋಟೋ ಅದು.

ತಿರುಗಿ ಬರುವಾಗ ಬಸ್ಸಿನಲ್ಲಿ ತಂದೆ ನೇರವಾಗಿ ಕೇಳಿದರು: ಇದನ್ನು ಓದಿದರೆ ಮುಂದೆ ಏನು? ಮಾಸ್ತರರು ಗೊತ್ತಿದ್ದಷ್ಟು ಹೇಳಿದರು. ಇದಕ್ಕೆ ಸೈನ್ಸೇ ಆಗಬೇಕೆಂದಿಲ್ಲ. ಮುಂಬಯಿಯ ಐಐಟಿಯ ವಿನ್ಯಾಸದ ಪದವಿಗೆ ನಡೆಯುವ ‘ಯುಸೀಡ್’ ಪರೀಕ್ಷೆಗೆ ಹನ್ನೆರಡನೆಯ ತರಗತಿಯಲ್ಲಿ ಯಾವ ವಿಭಾಗದವರಾದರೂ ಕೂಡಬಹುದು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪರೀಕ್ಷೆಗೂ ಹಾಗೆಯೇ. ಎಂದರೆ ಸೈನ್ಸ್ ತೆಗೆದುಕೊಂಡರೂ ಈ ಬಾಗಿಲು ಮುಚ್ಚುವುದಿಲ್ಲ, ಆರ್ಟ್ಸ್ ತೆಗೆದುಕೊಂಡರೂ ಮುಚ್ಚುವುದಿಲ್ಲ. ಸೀಟು ಸಿಗುವುದು ಕಷ್ಟ, ಅದನ್ನೂ ಹೇಳಿದರು. ಫೋನು, ಕಂಪ್ಯೂಟರು, ಪತ್ರಿಕೆ, ಸಿನಿಮಾ ಎಲ್ಲಕ್ಕೂ ಅಕ್ಷರರೂಪ ಬೇಕು. ಇಂಗ್ಲಿಷಿಗೆ ಇರುವಷ್ಟು ಬಗೆ ಕನ್ನಡಕ್ಕೆ ಇಲ್ಲ. 1998ರಲ್ಲಿ ಶೇಷಾದ್ರಿ ವಾಸು ‘ಬರಹ’ ತಂತ್ರಾಂಶ ತಂದಾಗ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಎಷ್ಟು ಮನೆಗಳಲ್ಲಿ ಮೊದಲಾಯಿತೆಂಬುದು ಅವರಿಗೆ ನೆನಪಿತ್ತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನದ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರದ ಚಿತ್ರವನ್ನೂ ಬಿಡಿಸಿ ‘ಅಕ್ಷರ ಭಂಡಾರ’ ಎಂಬ ಸಂಗ್ರಹ ಮಾಡುತ್ತ ಬಂದಿದ್ದಾರೆ. ಹಳೆಯ ಅಕ್ಷರದಿಂದ ಹೊಸದನ್ನು ಕಟ್ಟುವವರಿಗೆ ಅದು ಗಣಿ ಇದ್ದಂತೆ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಾವ ಕಟ್ಟೆಯ ಮೇಲೆ ಕುಳಿತಿದ್ದ. ತಂದೆ ಏನೂ ಹೇಳದೆ ಫೋನು ಅವನ ಕೈಗೆ ಕೊಟ್ಟರು. ಮಾವ ಎರಡು ಬೆರಳಿನಿಂದ ಕಿಟಕಿಯ ಚಿತ್ರವನ್ನು ಹಿಗ್ಗಿಸಿ, ಅತ್ತ ಸರಿಸಿ, ಇತ್ತ ಸರಿಸಿ ನೋಡಿದ.

‘ಯಾರ ಬರದಾರಿದನ್ನ?’

‘ಬಾದಶಾಹನ ಕಾಲದಾಗಿಂದು ಮಾವಾ. ಕಲ್ಲು.’

‘ಕಲ್ಲಿದ್ದರೂ ಬರದವ ಒಬ್ಬ ಇರತಾನಲ್ಲ’ ಎಂದ ಮಾವ. ಆಮೇಲೆ ಅವಳ ಕ್ಯಾಲೆಂಡರ್ ತರಿಸಿದ. ಹಂಗುಲ್ ಅಕ್ಷರಗಳ ಪಕ್ಕದಲ್ಲಿ ಅವಳು ಬರೆದಿದ್ದ ಕನ್ನಡದ ‘ಅ’ ನೋಡಿ ತಲೆ ಅಲ್ಲಾಡಿಸಿದ. ‘ಗೆರಿ ನೋಡಿಕೋತ ಬರದೀದಿ. ಒಳಗಿನ ಖಾಲಿ ಜಾಗಾ ನೋಡಿಕೋತ ಬರೀಬೇಕು. ಅದು ಕೂಡಿದರ ಗೆರಿ ತಾನ ಕೂಡತೈತಿ’ ಎಂದು, ಇದ್ದಿಲಿನ ಚೂರು ತೆಗೆದುಕೊಂಡು ಕಟ್ಟೆಯ ಮೇಲೆಯೇ ಒಂದು ದೊಡ್ಡ ‘ಅ’ ಬರೆದ. ಕೈ ಎತ್ತಲಿಲ್ಲ, ನಡುವೆ ನಿಲ್ಲಿಸಲಿಲ್ಲ. ಹುಡುಗಿ ಅದರ ಕೆಳಗೆ ತನ್ನದು ಬರೆದಳು. ಮಾವ ಅಳಿಸಿ, ಮತ್ತೆ ಬರೆ ಎಂದ.

ತಂದೆ ಕಾಲು ತೊಳೆದು ಬಂದು ಸ್ವಲ್ಪ ಹೊತ್ತು ನಿಂತು ನೋಡಿದರು. ಕಾಲೇಜಿನ ಫಾರ್ಮು ದೇವರ ಜಗುಲಿಯ ಮೇಲೆ ಇತ್ತು. ಕೊಡುವುದಕ್ಕೆ ಯಾವ ತಾರೀಖಿನವರೆಗೆ ಅವಕಾಶವಿದೆ ಎಂದು ಮಗಳನ್ನು ಕೇಳಿದರು. ಇನ್ನೂ ಆರು ದಿನ ಇದೆ ಎಂದಳು, ಕೈಯ ಇದ್ದಿಲು ಬಿಡದೆ.